ಬಫರಿಂಗ್ ಸಾಹೇಬರ ಗಾಯನ

ಕಮಲಾಪುರದ ಶಾಲೆಯಲ್ಲಿ ನನ್ನ ನೌಕರಿಯನ್ನು ಕಸಿದುಕೊಂಡವರು ಬಫರಿಂಗ್ ಸಾಹೇಬರು. ಅಂಥ ಮನುಷ್ಯ ಈ ಭೂಮಿಯ ಮೇಲೆ ಹುಟ್ಟಿಯೇ ಇರಲಿಲ್ಲ ಎಂಬುದು ಬೇರೆ ಮಾತು. ಅವರನ್ನು ಹುಟ್ಟಿಸಿದವಳು ನಾನೇ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರಲ್ಲ, ಹಾಗಾಯಿತು.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷಗಳಾಗಿದ್ದವು. ಕಲಬುರಗಿಯ ಬ್ರಹ್ಮಪುರದಲ್ಲಿ ನಾನು ಅವ್ವನ ಜೊತೆ ಇದ್ದೆ. ವಾರಕ್ಕೆ ಮೂರು ದಿನ ಹುಮನಾಬಾದ್ ಬಸ್ಸು ಹತ್ತಿ ಕಮಲಾಪುರಕ್ಕೆ ಹೋಗಿ, ಅಲ್ಲಿನ ಒಂದು ಖಾಸಗಿ ಶಾಲೆಯಲ್ಲಿ ಐದು, ಆರು, ಏಳನೇ ತರಗತಿಗಳಿಗೆ ಸಂಗೀತ ಹೇಳಿಕೊಡುತ್ತಿದ್ದೆ. ನೌಕರಿ ಕಾಯಂ ಅಲ್ಲ. ಶಾಲೆಯ ಹಾರ್ಮೋನಿಯಂ ಪೇಟಿಯಲ್ಲಿ ಮೂರು ಮನೆಗಳು ಮೂಕವಾಗಿದ್ದವು, ಆ ಮೂರನ್ನು ನಾನು ಬಾಯಿಂದ ನುಡಿಸುತ್ತಿದ್ದೆ. ಆಗಸ್ಟ್ ಹದಿನೈದು ಮತ್ತು ಜನವರಿ ಇಪ್ಪತ್ತಾರು ಬಂದಾಗ ಎಲ್ಲರಿಗೂ ನಾನು ಬೇಕು. ಉಳಿದ ದಿನಗಳಲ್ಲಿ ಎಲ್ಲರಿಗೂ ನನ್ನ ಪಿರಿಯಡ್ ಬೇಕು.

ಎಲ್ಲರಿಗಿಂತ ಹೆಚ್ಚು ಬೇಕಾಗಿದ್ದುದು ಹೆಡ್ ಮಾಸ್ತರರಿಗೆ. ಅವರು ಗಣಿತದವರು. ಸಂಗೀತವೆಂದರೆ ಅವರಿಗೆ ಪಕ್ಕದ ಮನೆಯ ಜಗಳದಂತೆ, ಕೇಳಿಸದಿದ್ದರೆ ಒಳ್ಳೆಯದು. "ಟೀಚರ್, ಹಾಡಿದ್ರ ಲಸಾಅ ಬರ್ತದೇನ್ರಿ?" ಎಂದು ಒಮ್ಮೆ ಎಲ್ಲರ ಎದುರಿಗೇ ಕೇಳಿದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಲಸಾಅ ಬಂದ್ರ ಹಾಡು ಬರ್ತದೇನ್ರಿ ಸರ್?" ಎಂದೆ. ಅಲ್ಲಿಂದ ನಮ್ಮಿಬ್ಬರದು ಹಾವು ಮುಂಗುಸಿ ಸಂಬಂಧ.

ಆ ವರ್ಷ ಯಾರೋ ದಾನಿಗಳು ಶಾಲೆಗೆ ಎರಡು ಕಂಪ್ಯೂಟರ್ ಕೊಟ್ಟರು. ಹೆಡ್ ಮಾಸ್ತರರ ಕೋಣೆಯ ಫೋನಿನಿಂದ ಒಂದು ವೈರು ಕಿಟಕಿ ದಾಟಿ ಪಕ್ಕದ ಕೋಣೆಗೆ ಬಂತು, ಇಂಟರ್ನೆಟ್ಟೂ ಬಂತು. ಎಲ್ಲ ವಿಷಯಗಳನ್ನೂ ಅದರಿಂದಲೇ ಕಲಿಸಬೇಕೆಂದು ಆಡಳಿತ ಮಂಡಳಿ ಆಜ್ಞೆ ಹೊರಡಿಸಿತು. ನನ್ನ ಪಾಲಿಗೆ ಬಂದದ್ದು 'ಸಂಗೀತ ರಸಗ್ರಹಣ'. ಹಾಡಲು ಕಲಿಸುವುದಲ್ಲ, ದೊಡ್ಡ ಕಲಾವಿದರ ಹಾಡನ್ನು ಕೇಳಿ ಆನಂದಿಸಲು ಕಲಿಸುವುದು.

ಹೆಡ್ ಮಾಸ್ತರರು ನನ್ನನ್ನು ಕರೆದು ಬಾಗಿಲು ಮುಂದೆ ಮಾಡಿ ಹೇಳಿದರು: "ನೋಡ್ರಿ ಟೀಚರ್, ತಪಾಸಣೆಗೆ ಸಾಹೇಬ್ರು ಬರ್ತಾರ. ಅವರು ಛಲೋ ಅದ ಅಂತ ಬರದ್ರ ನಿಮ್ಮ ನೌಕರಿ ಮುಂದ ನಡೀತದ. ಇಲ್ಲಾಂದ್ರ ಆ ಪಿರಿಯಡ್ ಗಣಿತಕ್ಕ. ನಾ ಅಂದಿದ್ದಲ್ರಿ, ಮಂಡಳಿಯವ್ರು ಅಂದಾರ." ಮಂಡಳಿಯವರು ಅಂದದ್ದನ್ನು ಹೇಳುವಾಗ ಅವರ ಮುಖದಲ್ಲಿ ಹಬ್ಬದ ಕಳೆಯಿತ್ತು.

ವೇಳಾಪಟ್ಟಿಯಲ್ಲಿ ಬುಧವಾರದ ಮೂರನೇ ಪಿರಿಯಡ್ಡಿಗೆ 'ರಸಗ್ರಹಣ' ಎಂದು ಬರೆಸಿದೆ. ಮೊದಲ ಬುಧವಾರ ಏಳನೇ ತರಗತಿಗೆ ಹೋದರೆ ಅರ್ಧದಷ್ಟು ಮಕ್ಕಳು ಊಟದ ಡಬ್ಬಿಯನ್ನೇ ತಂದಿರಲಿಲ್ಲ. ಮುಂದಿನ ಸಾಲಿನಲ್ಲಿ ಕೂತ, ಎರಡು ಜಡೆಯ ಒಬ್ಬ ಚುರುಕು ಹುಡುಗಿ ತಂದಿದ್ದಳು. ಡಬ್ಬಿ ತೆಗೆಸಿ ನೋಡಿದರೆ ರೊಟ್ಟಿಯ ಮೇಲೆ ನಾಲ್ಕು ಗರಿಕೆ ಎಸಳು ಇದ್ದವು.

"ಇದೇನವ್ವಾ?" ಎಂದೆ.

"ಇವತ್ತ ಸಾಲ್ಯಾಗ ಗ್ರಹಣ ಅದಂತಲ್ರಿ ಟೀಚರ್. ನಮ್ಮವ್ವ ಗರಿಕಿ ಹಾಕ್ಯಾಳ್ರಿ. ಬಿಟ್ಟ ಮ್ಯಾಲ ಉಣ್ಣು ಅಂದಾಳ."

ಈ ಸುದ್ದಿ ಪಕ್ಕದ ಕೋಣೆಗೆ ಹೋಗಲು ಎಷ್ಟು ಹೊತ್ತು ಬೇಕು? ಅಲ್ಲಿಂದ ಮುಂದೆ ಪ್ರತಿ ಬುಧವಾರ ಪಿರಿಯಡ್ ಮುಗಿಯುವ ಹೊತ್ತಿಗೆ ಹೆಡ್ ಮಾಸ್ತರರು ಬಾಗಿಲಲ್ಲಿ ತಲೆ ಹಾಕಿ, "ಎಷ್ಟೊತ್ತಿಗೆ ಬಿಡ್ತದ್ರಿ ನಿಮ್ಮ ಗ್ರಹಣ?" ಎನ್ನುತ್ತಿದ್ದರು. ನಾನು ಹಲ್ಲು ಕಚ್ಚಿ ಸುಮ್ಮನಿರುತ್ತಿದ್ದೆ. ತಪಾಸಣೆ ಮುಗಿಯುವವರೆಗೆ ಹಲ್ಲು ಕಚ್ಚುವುದು ಎಂದು ಅವ್ವನಿಗೆ ಮಾತು ಕೊಟ್ಟಿದ್ದೆ.

ಕಂಪ್ಯೂಟರ್ ಬಗ್ಗೆ ನನಗೆ ಏನೂ ತಿಳಿದಿರಲಿಲ್ಲ. ಜೇವರ್ಗಿ ಕಾಲೋನಿಯ ಒಂದು ಸೈಬರ್ ಕೆಫೆಯಲ್ಲಿ ಮೂರು ದಿನ ಕೂತು, ನೆಟ್ ಹಚ್ಚುವುದು ಮತ್ತು ಹಾಡಿನ ಪುಟ ತೆರೆಯುವುದು, ಇಷ್ಟನ್ನು ಕಲಿತೆ. ಕೆಫೆಯ ಮಾಲಕರು ವಯಸ್ಸಾದವರು, ಒಳ್ಳೆಯ ಮನುಷ್ಯ. ಒಂದರ ನಂತರ ಒಂದು ಏನು ಒತ್ತಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟರು. ಅವರ ಅಂಗಡಿಯಲ್ಲಿ ಭೂಪಾಲಿ ರಾಗ ಹರಿವ ನೀರಿನಂತೆ ಬಂತು. ಹಾಡುವವರ ದನಿ ಎಷ್ಟು ಸೊಗಸಾಗಿತ್ತೆಂದರೆ ನಾನು ಅಲ್ಲೇ ಕುರ್ಚಿಯ ಮೇಲೆ ಕಣ್ಣು ಮುಚ್ಚಿ ತಾಳ ಹಾಕಿದೆ. ಅವರು ಯಾರೆಂದು ಆ ಪುಟದಲ್ಲಿ ಎಲ್ಲೂ ಬರೆದಿರಲಿಲ್ಲ.

ಕಮಲಾಪುರದಲ್ಲಿ ಅದೇ ರಾಗ ಬೇರೆ ಬಗೆಯಲ್ಲಿ ಬಂತು. ನೆಟ್ ಹಚ್ಚಿದರೆ ಮೊದಲು ಫೋನ್ ಲೈನಿನಿಂದ ಬಾಲ ತುಳಿಸಿಕೊಂಡ ಬೆಕ್ಕಿನಂತೆ ಕಿರುಚಾಟ. ಅದು ನಿಂತ ಮೇಲೆ ಪುಟ ತೆರೆಯುವವರೆಗೆ ಹಾಜರಿ ಕರೆದು ಮುಗಿಸಬಹುದಿತ್ತು. ನಡುವೆ ಹೆಡ್ ಮಾಸ್ತರರು ಫೋನ್ ಎತ್ತಿದರೆ ಎಲ್ಲವೂ ಹೋಯಿತು. "ಏನ್ರಿ ಟೀಚರ್, ಫೋನಿನ್ಯಾಗ ಯಾವ್ದೋ ದೆವ್ವ ಒದರಾಕತ್ತದ!" ಎಂದು ಅಲ್ಲಿಂದ ಕೂಗು. "ಇಡ್ರಿ ಸರ್, ಕೆಳಗ ಇಡ್ರಿ!" ಎಂದು ಇಲ್ಲಿಂದ ಕೂಗು. ಮತ್ತೆ ಬೆಕ್ಕಿನ ಬಾಲ ತುಳಿಯುವುದರಿಂದ ಶುರು.

ಕೊನೆಗೂ ಒಂದು ದಿನ ಹಾಡು ಬಂತು. ಸಾ ರೇ ಗ ಎಂದು ಹತ್ತಿ, ಗಾಂಧಾರದ ಮೇಲೆ ಹಾಯಾಗಿ ನಿಂತು, ನಿಂತೇ ಬಿಟ್ಟಿತು. ಪರದೆಯ ಮೇಲೆ ಒಂದು ಸಣ್ಣ ಗೆರೆ ಎಡದಿಂದ ಬಲಕ್ಕೆ ನಿಧಾನವಾಗಿ ತುಂಬುತ್ತಿತ್ತು. ನಲವತ್ತು ಮಕ್ಕಳು ಗೆರೆಯನ್ನೇ ನೋಡುತ್ತಿದ್ದರು.

ನನಗೆ ಅವಮಾನ. ಹೇಗಾದರೂ ಹೊತ್ತು ತುಂಬಬೇಕಲ್ಲ, "ಈಗ ಮುಂದ ಏನ್ ಬರಬಹುದು, ಹೇಳ್ರಿ ನೋಡೋಣ" ಎಂದೆ.

"ಕರೆಂಟ್ ಹೋಗಬಹುದ್ರಿ" ಎಂದಿತು ಹಿಂದಿನ ಸಾಲು.

ಕಿವಿ ಹಿಂಡುವ ಬದಲು ನಾನೇ ಹಾಡಿದೆ: ಪ ಗ, ರೇ ಸಾ. ಅಷ್ಟರಲ್ಲಿ ಗೆರೆ ತುಂಬಿ ಯಂತ್ರವೂ ಹಾಡಿತು: ಪ ಗ, ರೇ ಸಾ. ಮಕ್ಕಳು ಚಪ್ಪಾಳೆ ಹೊಡೆದರು. ಅವರ ಪ್ರಕಾರ ಯಂತ್ರ ನನ್ನಿಂದ ಕಲಿತು ಹಾಡಿತ್ತು.

ಮತ್ತೆ ನಿಂತಿತು. ಆಗ ಎರಡು ಜಡೆಯ ಹುಡುಗಿ ಎದ್ದು ಪರದೆಯ ಹತ್ತಿರ ಬಂದಳು. ಗೆರೆಯ ಕೆಳಗೆ ಒಂದು ಇಂಗ್ಲಿಷ್ ಪದ ಇತ್ತು. ಒಂದೊಂದೇ ಅಕ್ಷರ ಕೂಡಿಸಿ ಓದಿದಳು: "ಬ... ಫ... ರಿಂಗ್. ಟೀಚರ್, ಹಾಡೋರ ಹೆಸರು ಬಫರಿಂಗ್ ಏನ್ರಿ?"

ಈಗ ಯೋಚಿಸಿದರೆ, ಗೊತ್ತಿಲ್ಲವ್ವಾ ಅಂದಿದ್ದರೆ ಮುಗಿಯುತ್ತಿತ್ತು. ಬಿ.ಎ. ಮಾಡಿದ್ದೆ, ಆದರೆ ಆ ಪದ ನನ್ನ ಯಾವ ಪಠ್ಯದಲ್ಲೂ ಬಂದಿರಲಿಲ್ಲ. ಹಾಡು ನಿಂತಾಗಲೆಲ್ಲ ಅದೇ ಪದ ಬರುವುದನ್ನು ನೋಡಿ ನನಗೂ ಅದು ಹೆಸರಿರಬೇಕು ಅನ್ನಿಸಿತ್ತು. ಅಲ್ಲದೆ ಗೋಡೆಯ ಆಚೆ ಹೆಡ್ ಮಾಸ್ತರರು ಕೂತಿದ್ದಾರೆ. ಗೊತ್ತಿಲ್ಲ ಎನ್ನುವುದು ಹೇಗೆ?

"ಹೌದು" ಎಂದೆ. ಅಷ್ಟಕ್ಕೇ ಬಿಡಲಿಲ್ಲ. "ಹಿರಿಯರಿಗೆ ಹಂಗ ಬರೀ ಹೆಸರು ಹಿಡದು ಕರೀಬಾರದು. ಬಫರಿಂಗ್ ಸಾಹೇಬ್ರು ಅನ್ರಿ."

ನಲವತ್ತು ಮಕ್ಕಳು ಒಂದೇ ದನಿಯಲ್ಲಿ ಅಂದರು.

ಆಮೇಲೆ ಸಾಹೇಬರ ಕೀರ್ತಿ ಹಬ್ಬಿತು. ಅವರು ಇಂಗ್ಲೆಂಡಿನವರು, ನಮ್ಮ ಸಂಗೀತ ಕಲಿತು ಇಲ್ಲೇ ಉಳಿದರು ಎಂದು ಒಂದು ಗುಂಪು. ಇಲ್ಲ, ಬೀದರ್ ಕಡೆಯವರು ಎಂದು ಇನ್ನೊಂದು ಗುಂಪು. ನಡುನಡುವೆ ಯಾಕೆ ನಿಲ್ಲುತ್ತಾರೆ ಎಂಬುದರ ಬಗ್ಗೆ ದೊಡ್ಡ ಚರ್ಚೆ. ಉಸಿರು ತಗೊಳ್ತಾರೆ ಎಂದ ಒಬ್ಬ. ಎಲೆ ಅಡಿಕೆ ಹಾಕ್ಕೊಳ್ತಾರೆ ಎಂದ ಮತ್ತೊಬ್ಬ. ಎರಡು ಜಡೆಯ ಹುಡುಗಿ ಮಾತ್ರ, "ನಾವ್ ಬರೋಬ್ಬರಿ ಕೇಳಾಕತ್ತೀವೋ ಇಲ್ಲೋ ಅಂತ ನಿಂತು ನೋಡ್ತಾರ್ರಿ" ಎಂದಳು. ಈ ಮಾತು ನನಗೆ ಬಹಳ ಹಿಡಿಸಿತು.

ನಿಜ ಹೇಳಬೇಕೆಂದರೆ, ಮಕ್ಕಳು ಕಲಿತದ್ದು ಸಾಹೇಬರು ಹಾಡಿದಾಗ ಅಲ್ಲ, ನಿಂತಾಗ. ಹಾಡು ಎಲ್ಲಿಗೆ ಬಂದು ನಿಂತಿದೆ, ಅಲ್ಲಿಂದ ಯಾವ ಕಡೆ ಇಳಿಯಬಹುದು ಎಂದು ಗುನುಗಿ ನೋಡುತ್ತಿದ್ದರು. ತಪ್ಪಿದರೆ ನಾನು ಪೇಟಿ ಹಿಡಿದು ತೋರಿಸುತ್ತಿದ್ದೆ. ದಸರೆ ರಜೆಯ ಹೊತ್ತಿಗೆ, ಗೆರೆ ತುಂಬುವ ಮೊದಲೇ ಇಡೀ ತರಗತಿ ಮುಂದಿನ ಸ್ವರಗಳನ್ನು ಹಾಡಿ ಸಾಹೇಬರಿಗಾಗಿ ಕಾಯುತ್ತಿತ್ತು. ಸಾಹೇಬರು ಬಂದು ಅದನ್ನೇ ಹಾಡಿದರೆ, "ಹಾಂ, ಬರೋಬ್ಬರಿ" ಎಂದು ಅವರಿಗೇ ಶಹಭಾಸ್ ಕೊಡುತ್ತಿದ್ದರು. ಇಷ್ಟು ವರ್ಷಗಳಲ್ಲಿ ನನಗೆ ಅಷ್ಟು ಖುಷಿ ಕೊಟ್ಟ ತರಗತಿ ಇನ್ನೊಂದಿಲ್ಲ.

ಒಂದೇ ಹಾಡು ಎಷ್ಟು ದಿನ? ಇನ್ನೊಂದು ಬೇಕೆಂದು ಮತ್ತೆ ಜೇವರ್ಗಿ ಕಾಲೋನಿಗೆ ಹೋದೆ. "ಬಫರಿಂಗ್ ಸಾಹೇಬ್ರದು ಇನ್ನೊಂದು ರಾಗ ಹುಡುಕಿ ಕೊಡ್ರಿ" ಎಂದೆ ಮಾಲಕರಿಗೆ.

"ಕೌನ್ ಸಾಬ್?"

"ಬಫರಿಂಗ್ ಸಾಹೇಬ್ರು. ಭೂಪಾಲಿ ಹಾಡಿದವ್ರು."

ಅವರು ಕನ್ನಡಕ ತೆಗೆದರು. ಆಮೇಲೆ ನಗತೊಡಗಿದರು. ಕಣ್ಣು ಒರೆಸಿಕೊಂಡು ಮತ್ತೆ ನಕ್ಕರು. "ಅರೇ ಮೇಡಂ, ಅದು ಮನಷ್ಯಾನ ಹೆಸರಲ್ರಿ. ಲೈನ್ ಸುಸ್ತ್ ಅದ, ಹಾಡು ಇನ್ನಾ ಬರಾಕತ್ತದ, ಸ್ವಲ್ಪ ಸಬರ್ ಮಾಡ್ರಿ, ತಡೀರಿ ಅಂತ ಮಷಿನ್ ಹೇಳೋದ್ರಿ ಅದು."

ನೆಲ ಬಾಯಿ ಬಿಟ್ಟಿದ್ದರೆ ಒಳಗೆ ಇಳಿದುಬಿಡುತ್ತಿದ್ದೆ. ಮಕ್ಕಳಿಗೆ ಬುಧವಾರವೇ ಹೇಳಿಬಿಡಬೇಕೆಂದು ನಿಶ್ಚಯಿಸಿ ಹೋದೆ. ಅಂದು ಎರಡು ಜಡೆಯ ಹುಡುಗಿ ನೋಟ್‌ಬುಕ್ ತಂದು ತೋರಿಸಿದಳು. ಒಂದು ಇಡೀ ಪುಟದಲ್ಲಿ ಸಾಹೇಬರ ಚಿತ್ರ. ತಲೆಗೆ ರುಮಾಲು, ಹುರಿಮೀಸೆ, ಮಡಿಲಲ್ಲಿ ತಂಬೂರಿ. ಕೆಳಗೆ ಅಂದವಾಗಿ 'ನಮ್ಮ ಗುರುಗಳ ಗುರುಗಳು' ಎಂದು ಬರೆದಿದ್ದಳು. ನಾನು ಚಿತ್ರಕ್ಕೆ 'ಉತ್ತಮ' ಎಂದು ಷರಾ ಹಾಕಿ ಸಹಿ ಮಾಡಿದೆ. ಮುಂದಿನ ಬುಧವಾರ ಹೇಳಿದರಾಯಿತು ಎಂದುಕೊಂಡೆ. ಹೀಗೆ ಬಹಳ ಬುಧವಾರಗಳು ಹೋದವು.

ಸಂಕ್ರಾಂತಿ ಕಳೆದ ಮರುವಾರ ತಪಾಸಣೆ ಸಾಹೇಬರು ಬಂದರು. ಸಫಾರಿ ಸೂಟು, ಕೈಯಲ್ಲಿ ದಪ್ಪ ಡೈರಿ. ಹೆಡ್ ಮಾಸ್ತರರು ಆ ದಿನದ ಮಟ್ಟಿಗೆ ಫೋನ್ ಮುಟ್ಟುವುದಿಲ್ಲವೆಂದು ನನಗೆ ಮಾತು ಕೊಟ್ಟಿದ್ದರು. ಹಾಗೆಯೇ ನಡೆದುಕೊಂಡರು. ಇವತ್ತು ಈ ಮನುಷ್ಯ ಡೈರಿಯಲ್ಲಿ ಬರೆಯುವ ಒಂದು ಸಾಲಿನ ಮೇಲೆ ನನ್ನ ಮುಂದಿನ ಜೂನ್ ನಿಂತಿದೆ ಎಂಬುದೊಂದೇ ತಲೆಯಲ್ಲಿತ್ತು.

ಹಾಡು ಬಂತು. ಸಾ ರೇ ಗ. ನಿಂತಿತು. ತಪಾಸಣೆ ಸಾಹೇಬರು ಹುಬ್ಬು ಮೇಲೇರಿಸಿ ನನ್ನ ಕಡೆ ನೋಡುವಷ್ಟರಲ್ಲಿ ನಲವತ್ತು ಮಕ್ಕಳು ಹಾಡಿದರು: ಪ ಗ, ರೇ ಸಾ. ಗೆರೆ ತುಂಬಿತು, ಯಂತ್ರವೂ ಅದನ್ನೇ ಹಾಡಿತು. ಸಾಹೇಬರ ಹುಬ್ಬು ಮೇಲೆಯೇ ಉಳಿಯಿತು. ಮತ್ತೆ ನಿಂತಿತು, ಮತ್ತೆ ಮಕ್ಕಳು ಹಾಡಿದರು. ನಾಲ್ಕನೇ ಸಲಕ್ಕೆ ಸಾಹೇಬರು ತೊಡೆ ತಟ್ಟಿ "ವಾಹ್ ವಾಹ್" ಎನ್ನತೊಡಗಿದರು. ನನ್ನ ಹೊಟ್ಟೆಯಲ್ಲಿ ಹಾಲು ಹುಯ್ದಂತಾಯಿತು.

"ಭಾಳ ಛಲೋ. ಹಾಡಿದವ್ರು ಯಾರು, ಹೇಳ್ರಿ ನೋಡೋಣ" ಎಂದು ಮಕ್ಕಳನ್ನೇ ಕೇಳಿದರು.

ಎರಡು ಜಡೆಯ ಹುಡುಗಿ ಎದ್ದು ಕೈಕಟ್ಟಿ ನಿಂತಳು. "ಬಫರಿಂಗ್ ಸಾಹೇಬ್ರು ರೀ."

ನಾನು ಕಣ್ಣು ಮುಚ್ಚಿದೆ.

"ಓಹೋ, ಬಫರಿಂಗ್ ಸಾಹೇಬ್ರಾ!" ಎಂದರು ತಪಾಸಣೆ ಸಾಹೇಬರು. "ದೊಡ್ಡ ಮನಷ್ಯಾರು. ಹೈದರಾಬಾದ್‌ನ್ಯಾಗ ನಾ ಖುದ್ದ ಕೇಳೀನಿ. ಹಿಂಗ ಎದುರಿಗೇ ಕುಂತು."

ನಾನು ಕಣ್ಣು ತೆರೆದೆ.

"ಅಲ್ಲೀನೂ ಹಿಂಗ ನಡುನಡುವ ನಿಂದರ್ತಿದ್ರೇನ್ರಿ?" ಹುಡುಗಿ ಬಿಡಲಿಲ್ಲ.

"ಅವರ ಪದ್ಧತೀನೇ ಹಂಗವ್ವಾ. ದೊಡ್ಡ ದೊಡ್ಡ ಕಲಾವಿದರು ಹಂಗೇ ಇರ್ತಾರ" ಎಂದು ಸಾಹೇಬರು ಡೈರಿ ತೆರೆದು, ಆ ಹೆಸರನ್ನು ಬಿಡಿಸಿ ಬಿಡಿಸಿ ಬರೆದುಕೊಂಡರು.

ತಪಾಸಣೆಯ ಷರಾ ಹದಿನೈದು ದಿನಗಳ ನಂತರ ಬಂತು. ಹೆಡ್ ಮಾಸ್ತರರು ನನ್ನನ್ನು ಕೂಡಿಸಿ ಓದಿ ಹೇಳಿದರು. ಮಕ್ಕಳ ಸಂಗೀತ ಜ್ಞಾನ ಶ್ಲಾಘನೀಯ. ಬಫರಿಂಗ್ ಸಾಹೇಬರಂಥ ಹಿರಿಯ ಕಲಾವಿದರ ಗಾಯನವು ಇಂಟರ್ನೆಟ್ ಮೂಲಕ ನೇರವಾಗಿ ಮಕ್ಕಳಿಗೆ ದೊರೆಯುತ್ತಿರುವುದರಿಂದ, ಪ್ರತ್ಯೇಕ ಸಂಗೀತ ಶಿಕ್ಷಕರ ಅಗತ್ಯ ಕಂಡುಬರುವುದಿಲ್ಲ.

ನಾನು ಎಲ್ಲವನ್ನೂ ಒದರಿಬಿಟ್ಟೆ. ಬಫರಿಂಗ್ ಅನ್ನುವುದು ಹೆಸರಲ್ಲ, ಅದು ಮಷಿನ್ನಿನ ಸಬರ್, ತಪ್ಪು ನನ್ನದು, ಆ ಮನುಷ್ಯ ಹೈದರಾಬಾದಿನಲ್ಲಿ ಕೇಳಿದ್ದು ಯಾರನ್ನೋ ದೇವರಿಗೇ ಗೊತ್ತು.

ಹೆಡ್ ಮಾಸ್ತರರು ಒಂದು ನಿಮಿಷ ಮೇಜಿನ ಕೆಳಗೆ ಏನೋ ಬಿದ್ದಿದೆ ಎಂಬಂತೆ ಬಗ್ಗಿದರು. ಅವರ ಭುಜಗಳು ಕುಣಿಯುತ್ತಿದ್ದವು. ಎದ್ದ ಮೇಲೆ ಮುಖ ಗಂಭೀರ ಮಾಡಿಕೊಂಡರು. "ಈಗ ಅದನ್ನ ಬರದು ಕಳಿಸಿದ್ರ ಎದುರಿಗೆ ಕುಂತು ಕೇಳಿದವರ ಗತಿ ಏನ್ರಿ ಟೀಚರ್? ಸಾಲಿಗೇ ಕುತ್ತು ಬರ್ತದ."

"ಹಂಗಾರ ನಿಮ್ಮ ಲಸಾಅನೇ ಹಾಡಿಸ್ರಿ ಸರ್" ಎಂದು ಎದ್ದು ಬಂದೆ.

ಬಸ್ಸಿನಲ್ಲಿ ಕಿಟಕಿಗೆ ಮುಖ ತಿರುಗಿಸಿ ಅತ್ತೆ. ನೌಕರಿ ಹೋದದ್ದಕ್ಕೆ ಅಳು ಬಂದದ್ದು ಹೌದು. ಅದಕ್ಕಿಂತ ಹೊಟ್ಟೆ ಉರಿದದ್ದು ಬೇರೆ. ಹಾಡು ನಿಂತ ಜಾಗವನ್ನು ಇಷ್ಟು ತಿಂಗಳು ಬಾಯಿಂದ ತುಂಬಿದವಳು ನಾನು, ಶ್ಲಾಘನೆ ಹೋದದ್ದು ನಿಂತ ಹಾಡಿಗೆ. ಅವ್ವ ನನ್ನ ಮುಖ ನೋಡಿ ಊಟಕ್ಕೆ ಹಾಕಿದಳು.

ಒಂದು ತಿಂಗಳ ಮೇಲೆ, ಸೋಮವಾರ ಬೆಳಿಗ್ಗೆ, ಬ್ರಹ್ಮಪುರದ ನಮ್ಮ ಮನೆಯ ಬಾಗಿಲಲ್ಲಿ ಹೆಡ್ ಮಾಸ್ತರರು ನಿಂತಿದ್ದರು. ಶರಣಬಸವೇಶ್ವರ ದೇವಸ್ಥಾನಕ್ಕೆ ಹೋಗಿ ಬಂದಿದ್ದರು, ಹಣೆಯ ಮೇಲೆ ವಿಭೂತಿ ಇನ್ನೂ ಹಸಿಯಾಗಿತ್ತು. ಕೈಯಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣಿನ ಒಂದು ಚಿಪ್ಪು. ಅವ್ವ ಒಳಗೆ ಬರ್ರಿ ಅಂದರೂ ಹೊಸ್ತಿಲ ಹತ್ತಿರವೇ ನಿಂತರು.

"ಮಷಿನ್ ನಿಂದ್ರಾಕತ್ತದ್ರಿ ಟೀಚರ್" ಎಂದರು.

"ಮೊದಲೂ ನಿಂದರ್ತಿತ್ತಲ್ರಿ ಸರ್."

"ಹೌದ್ರಿ. ಆದ್ರ ಈಗ ನಿಂತಾಗ ಹುಡುಗ್ರು ನನ್ನ ಮಾರಿ ನೋಡ್ತಾರ."

"ನೀವೇನ್ ಮಾಡ್ತೀರಿ?"

"ನಾನೂ ಅವರ ಮಾರಿ ನೋಡ್ತೀನ್ರಿ."

ನಗು ಬಂತು, ನುಂಗಿಕೊಂಡೆ. ನಾನಿಲ್ಲದಾಗ ಬುಧವಾರದ ಪಿರಿಯಡ್ಡನ್ನು ಅವರೇ ತೆಗೆದುಕೊಂಡಿದ್ದರು. ಗಣಿತ ಮಾಡಬೇಕೆಂದರೆ ಮಕ್ಕಳು ಕೇಳಲಿಲ್ಲವಂತೆ, ಷರಾದಲ್ಲಿ ಬರೆದದ್ದರಿಂದ ಹಾಡು ಕೇಳಿಸುವುದನ್ನು ಬಿಡುವ ಹಾಗೂ ಇರಲಿಲ್ಲ. ಕೆಫೆಯ ಮಾಲಕರು ಆಗ ಹುಡುಕಿ ಕೊಟ್ಟಿದ್ದ, ನಾನು ಚೀಟಿಯಲ್ಲಿ ಬರೆದಿಟ್ಟು ಬಂದಿದ್ದ ಹೊಸ ರಾಗವನ್ನು ಹಚ್ಚಿದ್ದರು. ಅದು ಒಂದು ಜಾಗದಲ್ಲಿ ನಿಂತರೆ ಮುಂದೆ ಹೋಗುತ್ತಲೇ ಇರಲಿಲ್ಲ, ಅಲ್ಲಿಗೇ ಲೈನು ಕಡಿಯುತ್ತಿತ್ತು.

"ಮಂಡಳಿಯವರ ಕಡೆ ಮಾತಾಡೀನ್ರಿ. ಕಾಗದದಾಗ ಸಂಗೀತ ಅಂತ ಬರಿಯಾಕ ಬರಂಗಿಲ್ಲ. ಮಷಿನ್ ನಿಂತಾಗ ನೋಡಿಕೊಳ್ಳೋರು ಅಂತ ಬರೀತೀನಿ. ಬರ್ರಿ."

"ನಾ ಏನ್ ರಿಪೇರಿ ಮಾಡೋಕೀನ್ರಿ? ಬರಂಗಿಲ್ಲ" ಎಂದೆ. ಖರೇ ಹೇಳುತ್ತೇನೆ, ಬಾಗಿಲು ಹಾಕಲು ಕೈ ಎತ್ತಿದ್ದೆ.

ಅವರು ಬಾಳೆಹಣ್ಣನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. "ಆತ್ರಿ, ಬರಬ್ಯಾಡ್ರಿ. ಆದ್ರ ಒಂದು ಹೇಳ್ರಿ" ಎಂದು ರಸ್ತೆಯ ಕಡೆ ಒಮ್ಮೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಗಂಟಲು ಸರಿ ಮಾಡಿಕೊಂಡು ಗುನುಗಿದರು. ಮುರುಕು ದನಿ, ಶ್ರುತಿ ಕಮಲಾಪುರದಲ್ಲಿದ್ದರೆ ಇವರು ಕಲಬುರಗಿಯಲ್ಲಿ. ಆದರೂ ಗುರುತು ಸಿಕ್ಕಿತು. ದುರ್ಗಾ ರಾಗ. ಪ, ಧ, ಮ, ರೇ. ರಿಷಭದ ಮೇಲೆ ಬಂದು ನಿಂತರು. ಸಾ ಎಂಬ ಮನೆ ಕಣ್ಣ ಮುಂದೆಯೇ ಇತ್ತು, ದಾರಿ ಗೊತ್ತಾಗದೆ ನಿಂತಿದ್ದರು.

"ಇಲ್ಲಿಗೇ ನಿಂದರ್ತದ್ರಿ. ಒಂದು ವಾರ ಆತು. ಗಣಿತ ಹೇಳುವಾಗೂ ಇದೇ, ಉಣ್ಣುವಾಗೂ ಇದೇ. ಇಲ್ಲಿಂದ ಮುಂದ ಏನದ್ರಿ ಟೀಚರ್?"

ಅವರ ಮುಖದಲ್ಲಿ ತಮಾಷೆ ಇರಲಿಲ್ಲ. ಹಸಿದವರು ಕೇಳುವ ಹಾಗೆ ಕೇಳಿದ್ದರು. ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಬಾಗಿಲ ಮೇಲೆ ಇಟ್ಟಿದ್ದ ಕೈ ತೆಗೆದು, ಆ ರಿಷಭದಿಂದ ಹಾಡುತ್ತ ಕೆಳಗಿನ ಧೈವತವನ್ನು ಮುಟ್ಟಿ ಸಾ ಸ್ವರಕ್ಕೆ ಬಂದು ನಿಂತೆ.

ಅವರು ಕಣ್ಣು ಮುಚ್ಚಿದರು. ಬಾಯಿ ಸ್ವಲ್ಪ ತೆರೆದಿತ್ತು. ಕಣ್ಣು ತೆರೆಯದೆಯೇ, "ಇನ್ನೊಮ್ಮೆ ಅನ್ರಿ" ಎಂದರು.

ಅವ್ವ ಚಹಾ ತರುವ ಹೊತ್ತಿಗೆ ನಾನು ನಾಲ್ಕನೇ ಸಲ ಹಾಡುತ್ತಿದ್ದೆ. ಆ ಬುಧವಾರ ಮೊದಲ ಬಸ್ಸಿಗೇ ಕಮಲಾಪುರಕ್ಕೆ ಹೋದೆ.